ತವರಿಗೆ ಬಂದ ತಿಜೋರಿ

ಹೆದರುವುದಕ್ಕೂ ಒಂದು ಯೋಗ್ಯತೆ ಬೇಕು ಎಂಬುದು ನನ್ನ ನಂಬಿಕೆ. ಹಾವಿಗೆ, ಹುಲಿಗೆ, ದೆವ್ವಕ್ಕೆ ಯಾರು ಬೇಕಾದರೂ ಹೆದರಬಹುದು. ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ಸರ್ಕಾರದ ಮೊಹರಿರುವ ಲಕೋಟೆಯನ್ನು ಕಂಡ ಕೂಡಲೇ, ಅದು ಪಕ್ಕದ ಮನೆಯವರಿಗೆ ಬಂದದ್ದು ಎಂದು ಗೊತ್ತಿದ್ದೂ, ಅಂಗೈ ಬೆವರಬೇಕಾದರೆ ಹುಟ್ಟುವಾಗಲೇ ಪಡೆದುಕೊಂಡು ಬಂದಿರಬೇಕು. ನಾನು ಪಡೆದುಕೊಂಡು ಬಂದಿದ್ದೆ. ಹೆತ್ತವರಿಗೆ ಇದು ತಿಳಿಯದೆ ನನಗೆ ರುದ್ರಪ್ಪ ಎಂದು ಹೆಸರಿಟ್ಟರು. ಹೆಸರು ಕೇಳಿ ಅಳುಕುತ್ತಾ ಬಂದವರು ನನ್ನ ಮುಖ ನೋಡಿದ ಮೇಲೆ ಧೈರ್ಯ ತಂದುಕೊಂಡು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಾರೆ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದರೂ ಚೆಕಿಂಗಿನವರು ಹತ್ತಿದರೆ ಸಾಕು, ನನ್ನ ಮುಖ ಟಿಕೆಟ್ ಇಲ್ಲದವನ ಮುಖವಾಗುತ್ತದೆ. ಅವರು ಬೇರೆ ಯಾರನ್ನೂ ಕೇಳದೆ ನೇರವಾಗಿ ನನ್ನ ಹತ್ತಿರ ಬರುತ್ತಾರೆ. ನಿಜವಾಗಿ ಟಿಕೆಟ್ ಇಲ್ಲದ ಮನುಷ್ಯ ನನ್ನ ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ನನ್ನನ್ನು ಕನಿಕರದಿಂದ ನೋಡುತ್ತಿರುತ್ತಾನೆ.

ಇಂಥವನಿಗೆ ದೇವರು ಕೊಟ್ಟ ಕೆಲಸ ಎಕ್ಸೈಸ್ ಗುಮಾಸ್ತನದು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಚನ್ನಗಿರಿಯಲ್ಲಿ ಕಬ್ಬಿಣದ ತಿಜೋರಿ, ಬೀರು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸುಂಕದ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಎಕ್ಸೈಸ್ ಎಂದರೆ ನಮ್ಮ ಕಡೆಯ ಜನಕ್ಕೆ ಆಗ ಗೊತ್ತಿದ್ದದ್ದು ಒಂದೇ, ಸಾರಾಯಿ. ಹೆಣ್ಣು ಕೊಡುವ ಮುಂಚೆ ಬಸವಾಪಟ್ಟಣದ ನನ್ನ ಮಾವನವರು ಬಹಳ ದಿನ ಮೀನಮೇಷ ಎಣಿಸಿದರು. ವಿಭೂತಿ ಇಡದೆ ನೀರು ಮುಟ್ಟದ ಮನುಷ್ಯ ಅವರು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, "ಕೆಲಸ ಅಂದ್ಮೇಲೆ ಮಾಡಬೇಕು ಬಿಡ್ರಿ. ಆದ್ರೆ ನೀವು ಬರೀ ಲೆಕ್ಕ ಬರೀತೀರೋ, ಇಲ್ಲ ರುಚಿನೂ ನೋಡ್ಬೇಕಾಗತೈತೋ?" ಎಂದು ಕೇಳಿದರು. ತಿಜೋರಿಗೂ ಸುಂಕ ಉಂಟು ಎಂದು ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಮದುವೆಯ ಮುಹೂರ್ತವೇ ಬಂದಿತ್ತು.

ಉಂಟು. ಕಾರ್ಖಾನೆಯಲ್ಲಿ ಮಾಡಿದ ತಿಜೋರಿ ಗೇಟು ದಾಟುವಾಗ ಕೇಂದ್ರ ಸರ್ಕಾರಕ್ಕೆ ಸುಂಕ ಸಲ್ಲಬೇಕು. ಸಲ್ಲಿಸಿ ಹೊರಗೆ ಕಳಿಸಿದರೆ ಅಲ್ಲಿಗೆ ಅದರ ಋಣ ತೀರಿತು. ಇಷ್ಟಾದರೆ ನನ್ನಂಥವನೂ ಹೇಗೋ ನಿಭಾಯಿಸುತ್ತಿದ್ದೆ. ಆದರೆ ಕೆಲವು ತಿಜೋರಿಗಳು ಹೋದ ಹಾಗೆಯೇ ತಿರುಗಿ ಬರುತ್ತವೆ. ಹಿಡಿಕೆ ಮುರಿದಿದೆ, ಬೀಗ ಕಚ್ಚಿಕೊಂಡಿದೆ, ರಿಪೇರಿ ಮಾಡಿಕೊಡಿ ಎಂದು ಗಿರಾಕಿಗಳು ಹೊತ್ತು ತರುತ್ತಾರೆ. ರಿಪೇರಿಯಾಗಿ ಅದು ಮತ್ತೆ ಗೇಟು ದಾಟುವಾಗ ಮತ್ತೆ ಸುಂಕ ಕೊಡಬೇಕೆ? ಬೇಡ. ಆದರೆ ಆ ಬೇಡ ಎನ್ನುವ ಮಾತನ್ನು ಸರ್ಕಾರದ ಬಾಯಿಂದ ಹೊರಡಿಸಬೇಕಾದರೆ ಪಡಬೇಕಾದ ಪಾಡು ನನಗೆ ಗೊತ್ತು. ಸರ್ಕಾರದ ಅನುಮಾನವೂ ನ್ಯಾಯವಾದದ್ದೇ. ಹಳೆಯದನ್ನು ಒಳಗೆ ತಂದು ಹೊಸದನ್ನು ಹೊರಗೆ ಬಿಟ್ಟು, ಇದೇ ಅದು ಎಂದರೆ ಯಾರಿಗೆ ಗೊತ್ತಾಗಬೇಕು? ಆದ್ದರಿಂದ ಮಾಲು ಒಳಗೆ ಬಂದ ಕೂಡಲೇ ದಾವಣಗೆರೆಯಲ್ಲಿದ್ದ ಅಧಿಕಾರಿಗಳಿಗೆ ಬರೆದು ತಿಳಿಸಬೇಕು. ಅದನ್ನು ಬೇರೆ ಇಡಬೇಕು. ಅವರು ಬಂದು, ನಮ್ಮಲ್ಲಿ ತಯಾರಾದ ಅದೇ ಮಾಲು ಹೌದು ಎಂದು ನೋಡುವ ತನಕ ಸುತ್ತಿಗೆ ತಾಗಿಸಬಾರದು. ತಾಗಿಸಿದರೆ ಅದು ಹೊಸ ಮಾಲು. ಹೊಸ ಸುಂಕ, ಮೇಲೆ ದಂಡ, ಅವರಿಗೆ ಮನಸ್ಸು ಬಂದರೆ ಜಪ್ತಿ. ಇನ್ನು ರಿಪೇರಿಯಾದರೂ ಎಷ್ಟು ಮಾಡಬೇಕು? ಬಾಗಿಲು ಬದಲಾಯಿಸಿದೆ, ಬೆನ್ನು ಬದಲಾಯಿಸಿದೆ ಎಂದರೆ ಅದು ರಿಪೇರಿಯಲ್ಲ, ಹೊಸ ತಯಾರಿಕೆ. ನನ್ನ ಸೈಕಲ್ಲಿನಲ್ಲಿ ಆಗ ಗಂಟೆಯೊಂದು ಬಿಟ್ಟು ಮೂಲದ್ದು ಯಾವುದೂ ಉಳಿದಿರಲಿಲ್ಲ. ಈ ನಿಯಮವನ್ನು ಓದಿದ ದಿನದಿಂದ ಕಾರ್ಖಾನೆಯ ಗೇಟಿನೊಳಕ್ಕೆ ಆ ಸೈಕಲ್ಲನ್ನು ಒಯ್ಯುವುದನ್ನೇ ನಿಲ್ಲಿಸಿ, ಎದುರಿನ ಹೋಟೆಲಿನ ಗೋಡೆಗೆ ಒರಗಿಸಿ ಬರುತ್ತಿದ್ದೆ.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಒಂದು ಗುರುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಹಿಂದಿನ ಟ್ರೇಲರಿನಲ್ಲಿ ನಮ್ಮದೇ ಕಾರ್ಖಾನೆಯ ಹಸಿರು ಬಣ್ಣದ ತಿಜೋರಿ. ಅದರ ಪಕ್ಕದಲ್ಲಿ ಒಂದು ಕೈಯಿಂದ ತಿಜೋರಿಯನ್ನು ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಬುತ್ತಿಯ ಗಂಟು ಹಿಡಿದು ಕೂತಿದ್ದ ದಪ್ಪನೆಯ ಹೆಂಗಸು. ಸಾಸ್ವೆಹಳ್ಳಿಯ ಹಾಲಮ್ಮನವರು ಎಂದು ಆಮೇಲೆ ಗೊತ್ತಾಯಿತು. ಗಂಡ ಇಲ್ಲ, ಹೊಲ, ಮನೆ, ಭತ್ತದ ವ್ಯಾಪಾರ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಟ್ರ್ಯಾಕ್ಟರು ಓಡಿಸಿಕೊಂಡು ಬಂದವನು ಅವರ ತಮ್ಮ. ಆತ ಇಡೀ ಪ್ರಕರಣದಲ್ಲಿ ಒಂದು ಮಾತೂ ಆಡಲಿಲ್ಲ. ಅಕ್ಕನ ಮುಂದೆ ಮಾತಾಡಿ ಅಭ್ಯಾಸವಿದ್ದಂತೆ ಕಾಣಲಿಲ್ಲ.

ನಾನು ಓಡಿ ಹೋಗಿ ತಡೆಯುವಷ್ಟರಲ್ಲಿ ನಮ್ಮ ಫಿಟ್ಟರ್ ದಸ್ತಗೀರ್ ಸಾಹೇಬರು ನಾಲ್ಕು ಜನರನ್ನು ಕೂಡಿಸಿ ತಿಜೋರಿಯನ್ನು ಗೇಟಿನೊಳಕ್ಕೆ ಇಳಿಸಿಬಿಟ್ಟಿದ್ದರು. ಅವರ ಕೈಗೆ ಆಗಲೇ ಸುತ್ತಿಗೆ ಬಂದಿತ್ತು.

"ಬೀಗ ಕಚ್ಕಂಡೈತಂತೆ ರುದ್ರಪ್ಪಾರೆ. ಒಂದು ತಾಸಿನ ಕೆಲಸ. ತೆಗೆದ್ರೆ ಆತು."

ನಾನು ಎರಡೂ ಕೈ ಚಾಚಿ ತಿಜೋರಿಗೆ ಬೆನ್ನು ಕೊಟ್ಟು ನಿಂತೆ. ಜೀವನದಲ್ಲಿ ಯಾರಿಗಾದರೂ ಅಡ್ಡ ನಿಂತದ್ದು ಅದೇ ಮೊದಲು. ಅದಕ್ಕೂ ಕಾರಣ ಧೈರ್ಯವಲ್ಲ, ಹೆದರಿಕೆ. "ಮುಟ್ಟಬೇಡಿ ಸಾಹೇಬರೆ! ಅಧಿಕಾರಿಗಳು ನೋಡುವ ತನಕ ಮುಟ್ಟುವ ಹಾಗಿಲ್ಲ" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಹಾಲಮ್ಮನವರು ಸೆರಗು ಕೊಡವಿಕೊಂಡು ಹತ್ತಿರ ಬಂದರು. "ಯಾಕ್ರಿ ಗುಮಾಸ್ತ್ರೆ, ಏನಂತೆ?"

ನಾನು ನಿಯಮವನ್ನು ನನಗೆ ತಿಳಿದಷ್ಟು ಸುಲಭವಾಗಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಕೇಳಿ ಆದ ಮೇಲೆ, "ಅಲ್ರಿ, ನಿಮ್ಮಲ್ಲೇ ಹುಟ್ಟಿದ್ದು. ನಮ್ಮನಿಗೆ ಬಂತು. ಮೈಗೆ ಹುಷಾರಿಲ್ಲ ಅಂತ ತಿರುಗಿ ಕರ್ಕಂಡು ಬಂದೀನಿ. ಹೆಣ್ಮಕ್ಳು ತವರಿಗೆ ಬರಲ್ವೇನ್ರಿ? ಮಗಳು ತವರಿಗೆ ಬಂದಾಳೆ ಅಂತ ನಿಮ್ಮ ಸರ್ಕಾರಕ್ಕೆ ಬರ್ಕೊಡಬೇಕಾ?" ಎಂದರು.

"ಬರೆದುಕೊಡಬೇಕು ಅಮ್ಮಾರೆ" ಎಂದೆ. ಬೇರೆ ಏನು ಹೇಳುವುದು? "ಬಂದವಳು ಅವಳೇ ಹೌದೋ ಅಲ್ಲವೋ ಅಂತ ಅವರು ಬಂದು ನೋಡಬೇಕು."

ದಸ್ತಗೀರ್ ಸಾಹೇಬರು ಮುಖ ಆಚೆ ತಿರುಗಿಸಿದರು. ಅವರ ಭುಜ ಕುಣಿಯುತ್ತಿದ್ದುದು ನನಗೆ ಕಂಡಿತು.

ಹಾಲಮ್ಮನವರು ನಗಲಿಲ್ಲ. ನನ್ನನ್ನು ಅಂಗಳದ ಬೇವಿನ ಮರದ ಕಡೆಗೆ ಕರೆದುಕೊಂಡು ಹೋಗಿ ಧ್ವನಿ ತಗ್ಗಿಸಿದರು. ಮಗಳ ಮದುವೆ ಬರುವ ಸೋಮವಾರ, ನ್ಯಾಮತಿಯಲ್ಲಿ. ಗಂಡಿನ ಕಡೆಯವರು ಶನಿವಾರವೇ ಶಾಸ್ತ್ರಕ್ಕೆ ಮನೆಗೆ ಬರುತ್ತಾರೆ. ಹುಡುಗಿಯ ಒಡವೆಯೆಲ್ಲ ತಿಜೋರಿಯ ಒಳಗಿದೆ, ತಾಳಿ ಸಹಿತ. ಹೊನ್ನಾಳಿಯಿಂದ ಬೀಗ ರಿಪೇರಿಯವನನ್ನು ಕರೆಸಿದ್ದಾಯಿತು. ಅವನು ತಂತಿ ಹಾಕಿ ಕೆದಕಿ, ಕೈ ಮುಗಿದು ಹೋದ. ಅಷ್ಟರಲ್ಲಿ ಊರಿನಲ್ಲಿ ಯಾರೋ ಒಂದು ಮಾತು ಹುಟ್ಟಿಸಿದ್ದರು.

"ಒಡವೇನೂ ಇಲ್ಲ, ಗಿಡವೇನೂ ಇಲ್ಲ, ಗಂಡ ಸತ್ತಾಗ್ಲೇ ಎಲ್ಲಾ ಮಾರ್ಕಂಡಾಳೆ, ಬೀಗ ಕೆಟ್ಟೈತೆ ಅನ್ನೋದು ಬರೀ ನೆಪ ಅಂತ ಮಾತಾಡ್ತಾರ್ರಿ. ಬೀಗರ ಕಿವಿಗೂ ಬಿದ್ದೈತೆ. ನಿನ್ನೆ ಫೋನಿನಾಗೆ ಹುಡುಗನ ಸೋದರಮಾವ ನಕ್ಕಂತ ಕೇಳ್ದ, 'ಬೀಗ ಬಂತೇನಮ್ಮ ದಾರಿಗೆ?' ಅಂತ. ಆ ನಗು ನಂಗೆ ಸೇರ್ಲಿಲ್ಲ ತಮ್ಮಾ." ಅವರ ಕಣ್ಣು ಒದ್ದೆಯಾಗಿರಲಿಲ್ಲ. ಆದರೆ ಬುತ್ತಿಯ ಗಂಟನ್ನು ಹಿಡಿದಿದ್ದ ಕೈ ಅದನ್ನು ಹಿಚುಕುತ್ತಿತ್ತು.

ಒಂದು ಕಡೆ ಬೀಗ, ಇನ್ನೊಂದು ಕಡೆ ಬೀಗರು, ನಡುವೆ ಕೇಂದ್ರ ಸರ್ಕಾರ. ಮನುಷ್ಯನಾದವನು ಆ ಹೊತ್ತಿಗೆ "ಒಡೀರಿ ಸಾಹೇಬರೆ" ಎನ್ನಬೇಕಿತ್ತು. ನನಗೂ ಅನ್ನಿಸಿತು. ಆದರೆ ಹಾಗೆ ಅನ್ನಿಸಿದ ಕೂಡಲೇ ಕೈಗೆ ಕೋಳ ಹಾಕಿಸಿಕೊಂಡು ಬಸ್‌ಸ್ಟ್ಯಾಂಡಿನ ಮುಂದೆ ಹಾದುಹೋಗುತ್ತಿರುವ ನಾನೇ ನನ್ನ ಕಣ್ಣಿಗೆ ಕಟ್ಟಿದೆ. ಆ ಚಿತ್ರದಲ್ಲಿ ಎದುರಿನ ಹೋಟೆಲಿನವರು ದೋಸೆ ಹುಯ್ಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಯಜಮಾನರನ್ನು ಕೇಳೋಣವೆಂದರೆ ಅವರು ಜಗಳೂರಿನಲ್ಲಿ, ತಂಗಿಯ ಮನೆಯಲ್ಲಿ. ಟ್ರಂಕ್ ಕಾಲ್ ಹಚ್ಚಿಸಿದೆ. ಜಗಳೂರಿನ ಕಡೆಯಿಂದ ಗಾಳಿ ಬೀಸಿದ ಸದ್ದು ಕೇಳಿತು. ಅದರ ನಡುವೆ ಯಜಮಾನರ ಧ್ವನಿ, "ಕಾನೂನು ಪ್ರಕಾರ ಮಾಡ್ರಿ, ಗಿರಾಕಿಗೆ ತೊಂದ್ರೆ ಆಗಬಾರ್ದು" ಎಂದಿತು. ಈ ಎರಡರಲ್ಲಿ ಯಾವುದನ್ನು ಮಾಡಲಿ ಎಂದು ಕೇಳುವಷ್ಟರಲ್ಲಿ ಲೈನು ಹೋಯಿತು.

ಅಂಚೆಗೆ ಹಾಕಿದರೆ ಕೆಲಸ ಕೆಡುತ್ತದೆಂದು ತಿಳುವಳಿಕೆ ಪತ್ರವನ್ನು ನಾನೇ ಬರೆದು, ಸಂತೇಬೆನ್ನೂರಿನ ಮೇಲೆ ಹೋಗುವ ಬಸ್ಸು ಹತ್ತಿ ದಾವಣಗೆರೆಗೆ ಹೊರಟೆ. ಹೊರಡುವ ಮುಂಚೆ ತಿಜೋರಿಗೆ ತೆಂಗಿನ ಹಗ್ಗ ಸುತ್ತಿಸಿ, "ಯಾರೂ ಮುಟ್ಟಕೂಡದು" ಎಂದು ಕಾಗದ ಅಂಟಿಸಿ, ದಸ್ತಗೀರ್ ಸಾಹೇಬರಿಂದ ಮಗನ ಮೇಲೆ ಆಣೆ ಮಾಡಿಸಿಕೊಂಡೆ. ಬೀಗದ ಕೈಯನ್ನು ನನಗೆ ಕೊಡಿ ಎಂದು ಹಾಲಮ್ಮನವರನ್ನು ಕೇಳಿ ನೋಡಿದೆ. ಅವರು ಅದನ್ನು ಸೊಂಟದ ಚೀಲದಿಂದ ತೆಗೆದು, ತೋರಿಸಿ, ಮತ್ತೆ ಚೀಲದೊಳಕ್ಕೆ ಹಾಕಿಕೊಂಡರು. "ನೀವೂ ತಿರುವಕೂಡದು" ಎಂದೆ. "ತಿರುವಿ ತಿರುವಿ ಕೈ ಬೊಬ್ಬೆ ಬಂದಾವೆ, ನಾನ್ಯಾಕೆ ತಿರುವ್ಲಿ" ಎಂದರು.

ಕಚೇರಿಯಲ್ಲಿದ್ದ ಇನ್ಸ್‌ಪೆಕ್ಟರು ತೆಳ್ಳಗಿನ ಯುವಕ. ಹೊಸದಾಗಿ ಬಂದವರು, ಮೈಸೂರು ಕಡೆಯ ಮಾತು. ನನ್ನ ಪತ್ರವನ್ನು ಓದಿ, ಎಲ್ಲ ಸರಿಯಾಗಿದೆ, ನಾಳೆ ಬಂದು ನೋಡುತ್ತೇನೆ ಎಂದರು. ನಾನು ಎದ್ದು ನಮಸ್ಕಾರ ಮಾಡಿ ಬರಬೇಕಿತ್ತು. ಹೆದರುವವನ ದೊಡ್ಡ ರೋಗವೆಂದರೆ ಕೇಳದ ಪ್ರಶ್ನೆಗೂ ಉತ್ತರ ಹೇಳುವುದು.

"ಒಳಗೆ ಒಡವೆ ಇದೆ ಸಾರ್" ಎಂದೆ.

ಅವರ ಪೆನ್ನು ನಿಂತಿತು. "ಒಡವೆ ಎಂದರೆ? ಚಿನ್ನವೇ?"

ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕೆಂದು ಆಗ ಚಿನ್ನದ ಮೇಲೂ ಒಂದು ಕಾನೂನಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರೂ ಇವರೇ. ಈ ಮಾತು ನನಗೆ ನೆನಪಾದದ್ದು ಬಾಯಿ ಬಿಟ್ಟ ಮೇಲೆ. "ಮದುವೆಯದು ಸಾರ್, ಹೆಣ್ಣುಮಗುವಿನದು, ಸ್ವಲ್ಪವೇ" ಎಂದು ತೊದಲಿದೆ. ಎಷ್ಟು ಎಂದು ನನಗೇನು ಗೊತ್ತು? ಅವರು ಹಣೆ ಒತ್ತಿಕೊಂಡು ನನ್ನನ್ನು ನೋಡಿದರು. ಆ ನೋಟದಲ್ಲಿ ಕೋಪಕ್ಕಿಂತ ಬೇರೆ ಏನೋ ಇತ್ತು, ನನಗೆ ಬಹಳ ಪರಿಚಯವಿದ್ದದ್ದು. ಆದರೆ ಅಧಿಕಾರಿಯ ಮುಖದಲ್ಲಿ ಅದನ್ನು ನಾನು ಎಂದೂ ಕಂಡಿರಲಿಲ್ಲವಾಗಿ ಗುರುತು ಹಿಡಿಯಲಾಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕೂರಲು ಬೇಕಾದಷ್ಟು ಜಾಗವಿತ್ತು. ಆದರೂ ಚನ್ನಗಿರಿ ಬರುವ ತನಕ ನಿಂತೇ ಬಂದೆನೆಂದು ಇಳಿಯುವಾಗ ತಿಳಿಯಿತು.

ಕಾರ್ಖಾನೆಗೆ ಬಂದು ನೋಡಿದರೆ ಹಾಲಮ್ಮನವರು ತಿಜೋರಿಗೆ ಬೆನ್ನು ಕೊಟ್ಟು ಕೂತು ದಸ್ತಗೀರ್ ಸಾಹೇಬರಿಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸುತ್ತಿದ್ದರು. ಅವರ ತಮ್ಮ ಟ್ರ್ಯಾಕ್ಟರು ತೆಗೆದುಕೊಂಡು ಮದುವೆಯ ಕೆಲಸಕ್ಕೆಂದು ಊರಿಗೆ ತಿರುಗಿ ಹೋಗಿದ್ದ. ನಾಳೆಯ ತನಕ ಕಾಯಬೇಕೆಂದಾಗ ಅವರು ಕೂಗಾಡುತ್ತಾರೆಂದುಕೊಂಡಿದ್ದೆ. ಅವರು ತಿಜೋರಿಗೆ ತಲೆ ಆನಿಸಿ, "ಹಂಗಾರೆ ನಾನು ಇಲ್ಲೇ" ಎಂದರು ಅಷ್ಟೇ. ಕಾರ್ಖಾನೆಯಲ್ಲಿ ಒಂಟಿ ಹೆಂಗಸು, ಜೊತೆಗೆ ಒಡವೆ ತುಂಬಿದ ತಿಜೋರಿ. ಕಳ್ಳರು ಬಂದರೆ? ಬೆಂಕಿ ಬಿದ್ದರೆ? ಅವರಿಗೇ ಏನಾದರೂ ಆದರೆ? ಮನೆಗೆ ಬಂದು ನನ್ನ ಹೆಂಡತಿ ಗಿರಿಜೆಗೆ ಇದೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಕೇಳುತ್ತಲೇ ಎದ್ದು ಚಾಪೆ, ಕಂಬಳಿ ಸುತ್ತತೊಡಗಿದಳು.

"ನೀವು ಹೆದರ್ಕಂತ ಇಲ್ಲೇ ಇರ್ರಿ. ನಾನು ಹೋಗಿ ಆಯಮ್ಮನ ಜೊತೆ ಮಲಗ್ತೀನಿ" ಎಂದಳು. ಅದರಂತೆಯೇ ನಡೆಯಿತು. ಅವಳು ಅಲ್ಲಿ ಸುಖವಾಗಿ ನಿದ್ದೆ ಮಾಡಿದಳಂತೆ. ನಾನು ಇಲ್ಲಿ ಮಾಡಲಿಲ್ಲ.

ಶುಕ್ರವಾರ ಮೊದಲ ಬಸ್ಸಿಗೇ ಇನ್ಸ್‌ಪೆಕ್ಟರು ಬಂದರು. ಬಂದವರು ಹಗ್ಗ ಬಿಚ್ಚಿಸಿ, ತಿಜೋರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನನ್ನ ಕಡೆ ತಿರುಗಿದರು.

"ಇದು ನಿಮ್ಮಲ್ಲೇ ತಯಾರಾದದ್ದು ಎನ್ನುವುದಕ್ಕೆ ಗುರುತು ಏನು?"

"ನಂಬರ್ ಇದೆ ಸಾರ್."

"ಎಲ್ಲಿ?"

"ಬಾಗಿಲಿನ ಒಳಮೈಯಲ್ಲಿ." ಹೊರಗೆ ಹೊಡೆದರೆ ಬಣ್ಣದ ಅಂದ ಕೆಡುತ್ತದೆ ಎಂದು ನಮ್ಮ ಯಜಮಾನರು ನಂಬರನ್ನು ಒಳಗೆ ಹೊಡೆಸುತ್ತಿದ್ದರು.

"ಹಾಗಾದರೆ ಬಾಗಿಲು ತೆಗೆಯಿರಿ."

"ತೆಗೆಯಬೇಕಾದರೆ ರಿಪೇರಿ ಮಾಡಬೇಕು ಸಾರ್."

"ನಂಬರ್ ನೋಡದೆ ರಿಪೇರಿಗೆ ಬಿಡುವ ಹಾಗಿಲ್ಲವಲ್ಲ."

"ಇಲ್ಲ ಸಾರ್."

"ರಿಪೇರಿ ಆಗದೆ ನಂಬರ್ ಕಾಣುವುದಿಲ್ಲ."

"ಇಲ್ಲ ಸಾರ್."

ನಮ್ಮಿಬ್ಬರ ನಡುವೆ ತಿಜೋರಿ ನಿಂತಿತ್ತು. ಅಷ್ಟು ಹೊತ್ತು ಗಿರಿಜೆಯ ಪಕ್ಕದಲ್ಲಿ ಕೂತು ಕೇಳುತ್ತಿದ್ದ ಹಾಲಮ್ಮನವರು ಎದ್ದು ಬಂದರು.

"ಅಲ್ರಿ ಸಾಹೇಬ್ರೆ, ಕೂಸಿನ ಮೈಮ್ಯಾಲಿನ ಮಚ್ಚೆ ನೋಡ್ಬೇಕು ಅಂದ್ರೆ ಕೂಸು ಹುಟ್ಟಬೇಕಲ್ರಿ. ಹುಟ್ಟಾಕೆ ಮೊದ್ಲೇ ಮಚ್ಚೆ ತೋರ್ಸು, ಆಮ್ಯಾಲೆ ಹೆರಿಗೆ ಮಾಡು ಅಂದ್ರೆ ಸೂಲಗಿತ್ತಿ ಏನು ಮಾಡಬೇಕು?"

ಇನ್ಸ್‌ಪೆಕ್ಟರರ ಕಿವಿ ಕೆಂಪಾದವು. "ಅಮ್ಮಾ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಾಳೆ ನಮ್ಮ ಸೂಪರಿಂಟೆಂಡೆಂಟರು ಕೇಳಿದರೆ ನಾನು ಏನು ಹೇಳಲಿ? ಗುರುತು ಸಿಗದ ಮಾಲು ಎಂದರೆ ಕಾರ್ಖಾನೆಯಲ್ಲೇ ತಡೆದು ಇಡಬೇಕಾಗುತ್ತದೆ" ಎಂದರು. ಹಾಗೆನ್ನುವಾಗ ಅವರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಆಗ ನನಗೆ ಹೊಳೆಯಿತು, ಹಿಂದಿನ ದಿನ ಅವರ ಮುಖದಲ್ಲಿ ಕಂಡದ್ದು ಏನೆಂದು. ಈ ಮನುಷ್ಯನೂ ನಮ್ಮವನೇ. ನಾನು ಇವರಿಗೆ ಹೆದರಿದ ಹಾಗೆ ಇವರು ಇನ್ನೊಬ್ಬರಿಗೆ ಹೆದರುತ್ತಿದ್ದರು. ಆ ಇನ್ನೊಬ್ಬರು ಮತ್ತೊಬ್ಬರಿಗೆ. ಇದು ದೆಹಲಿಯ ತನಕ ಹೋಗಿ ಅಲ್ಲಿ ಯಾರ ಅಂಗೈಯಲ್ಲಿ ಮುಗಿಯುತ್ತದೋ ಗೊತ್ತಿಲ್ಲ. ಇದನ್ನು ತಿಳಿದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಇನ್ನೂ ಹೆದರಿಕೆಯಾಯಿತು. ಧೈರ್ಯವಂತ ಅಧಿಕಾರಿಯಾದರೆ ಕನಿಕರ ತೋರಿಸಿಯಾನು. ಹೆದರಿದವನು ನಿಯಮ ಬಿಟ್ಟು ಒಂದು ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲ. ನಾನು ಅಲ್ಲಾಡಿದ್ದೆನೆ?

ತಡೆದು ಇಡುವುದು ಎಂಬ ಮಾತು ಕೇಳಿ ಹಾಲಮ್ಮನವರು ನೆಲದ ಮೇಲೆ ಕೂತುಬಿಟ್ಟರು. ಈವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನಾಳೆ ಅವ್ರು ಬಂದು ಬರೀ ಕೊಳ್ಳಾಗಿನ ಹುಡುಗಿ ನೋಡ್ತಾರೆ. ಆ ಸೋದರಮಾವ ನಗ್ತಾನೆ. ನನ್ನ ಮಗಳು ತಲೆ ತಗ್ಗಿಸ್ಕಂಡು ನಿಂತಿರ್ತಾಳೆ" ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಗಿರಿಜೆ ಅವರ ಬೆನ್ನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದಳು. ಆ ನೋಟವನ್ನು ಬರೆಯುವುದು ಬೇಡ. ದಸ್ತಗೀರ್ ಸಾಹೇಬರು ಸುತ್ತಿಗೆಯನ್ನು ಕೆಳಗಿಟ್ಟು ಹೊರಗೆ ಹೋದರು.

ನನಗೆ ಆಗ ಎಲ್ಲಿಂದ ಮಾತು ಬಂತೋ ತಿಳಿಯದು. "ಸಾರ್, ಬೀಗದ ಕೈ ಇದೆ. ಅದರ ಮೇಲೂ ಅದೇ ನಂಬರ್ ಹೊಡೆದಿರುತ್ತೇವೆ. ಕೈ ಇದೇ ಬೀಗದ್ದು ಎಂದು ತೋರಿದರೆ..." ಎಂದೆ. ವಾಕ್ಯವನ್ನು ಮುಗಿಸುವ ಧೈರ್ಯ ಸಾಲಲಿಲ್ಲ.

ಮುಳುಗುವವನಿಗೆ ಹಗ್ಗ ಸಿಕ್ಕಂತೆ ಅವರು ಅದನ್ನು ಹಿಡಿದುಕೊಂಡರು. ಹಾಲಮ್ಮನವರಿಂದ ಬೀಗದ ಕೈ ಇಸಿದುಕೊಂಡು ನಂಬರ್ ಓದಿದರು. ನಮ್ಮ ಮಾರಾಟದ ಕಾಗದದಲ್ಲಿದ್ದದ್ದೇ. "ಆದರೆ ಕೈ ಈ ಬೀಗಕ್ಕೆ ಸೇರಬೇಕಲ್ಲ. ಒಳಗೆ ಹೋಗುತ್ತದೋ ಇಲ್ಲವೋ ನೋಡೋಣ, ಅಷ್ಟೇ. ನಾನು ರಿಪೇರಿ ಮಾಡುತ್ತಿಲ್ಲ, ಪರಿಶೀಲನೆ ಮಾಡುತ್ತಿದ್ದೇನೆ. ಎಲ್ಲರೂ ನೋಡಿಕೊಳ್ಳಿ" ಎಂದರು. ಎಲ್ಲರೂ ನೋಡಿಕೊಂಡೆವು. ಅವರು ಬೀಗದ ಕೈಯನ್ನು ಒಳಗೆ ಹಾಕಿದರು. ಹೋಯಿತು. ಹೋದದ್ದನ್ನು ಖಾತ್ರಿ ಮಾಡಿಕೊಳ್ಳಲೆಂದು ಸ್ವಲ್ಪ ತಿರುವಿದರು.

ಟಕ್ ಎಂದಿತು. ಬಾಗಿಲು ತಾನಾಗಿಯೇ ಒಂದು ಬೆರಳಷ್ಟು ಮುಂದಕ್ಕೆ ಬಂತು.

ಅದು ತೆರೆದ ಕಾರಣವನ್ನು ಆಮೇಲೆ ದಸ್ತಗೀರ್ ಸಾಹೇಬರು ಹೇಳಿದರು. ಸಾಸ್ವೆಹಳ್ಳಿಯಿಂದ ಚನ್ನಗಿರಿಯ ತನಕ ಆಗ ಇದ್ದ ರಸ್ತೆಯಲ್ಲಿ ಟ್ರೇಲರು ಕುಣಿದ ಕುಣಿತಕ್ಕೆ, ಒಳಗೆ ಕಚ್ಚಿಕೊಂಡಿದ್ದ ಬೀಗದ ನಾಲಿಗೆ ದಾರಿಯಲ್ಲೇ ಎಲ್ಲೋ ಸಡಿಲವಾಗಿತ್ತು. ಅಂದರೆ ಹಿಂದಿನ ದಿನ ಬೆಳಿಗ್ಗೆಯೇ, ನಾನು ಕೈ ಚಾಚಿ ಅಡ್ಡ ನಿಂತಿದ್ದಾಗಲೇ, ಒಂದು ಸಲ ಬೀಗದ ಕೈ ತಿರುವಿದ್ದರೆ ತೆರೆಯುತ್ತಿತ್ತು. ತಿರುವಬೇಡಿ ಎಂದವನು ನಾನು.

ಹಾಲಮ್ಮನವರು ನಮ್ಮನ್ನೆಲ್ಲ ಸರಿಸಿ ಬಾಗಿಲನ್ನು ಪೂರ್ತಿ ತೆಗೆದರು. ಕೆಂಪು ಬಟ್ಟೆಯ ಗಂಟನ್ನು ಎತ್ತಿ ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ತಮ್ಮ ಮನೆದೇವರ ಹೆಸರನ್ನೋ ಸತ್ತ ಗಂಡನ ಹೆಸರನ್ನೋ ಹೇಳಿಕೊಂಡರು. ಗಿರಿಜೆ ಅಳುತ್ತಿದ್ದಳು. ಇನ್ಸ್‌ಪೆಕ್ಟರು ಬಾಗಿಲಿನ ಹಿಂದೆ ಬಗ್ಗಿ ನಂಬರ್ ಓದಿ, "ಸರಿ ಇದೆ" ಎಂದರು. ಎಂದವರು ಬಗ್ಗಿದ್ದ ಹಾಗೆಯೇ ನಿಂತರು. ಅವರಿಗೆ ಏನೋ ಹೊಳೆದಿತ್ತು. ನನಗೂ ಅದೇ ಹೊತ್ತಿಗೆ ಹೊಳೆಯಿತು.

"ರುದ್ರಪ್ಪನವರೇ, ಇದು ಬಂದದ್ದು ರಿಪೇರಿಗೆ."

"ಹೌದು ಸಾರ್."

"ಈಗ ರಿಪೇರಿ ಮಾಡಿದವರು ಯಾರು?"

ನಾವೆಲ್ಲ ಅವರನ್ನೇ ನೋಡಿದೆವು. ಬೀಗದ ಕೈ ಇನ್ನೂ ಅವರ ಬೆರಳುಗಳ ನಡುವೆಯೇ ಇತ್ತು. ಬಿಸಿ ಕೆಂಡ ಹಿಡಿದವರ ಹಾಗೆ ಅದನ್ನು ಮೇಜಿನ ಮೇಲೆ ಹಾಕಿ, ಕುಡಿಯಲು ನೀರು ಕೇಳಿದರು. ಎರಡು ಲೋಟ ಕುಡಿದ ಮೇಲೆ, ಬಹಳ ಯೋಚಿಸಿ, ಪರಿಶೀಲಿಸಲಾಗಿ ಮಾಲಿನಲ್ಲಿ ಯಾವ ದೋಷವೂ ಕಂಡುಬರಲಿಲ್ಲ, ಬಂದ ಸ್ಥಿತಿಯಲ್ಲೇ ಹೊರಗೆ ಕಳಿಸಬಹುದು ಎಂದು ಬರೆದು ಸಹಿ ಮಾಡಿದರು. "ಬೇಗ ಕಳಿಸಿಬಿಡಿ. ರಿಪೇರಿಗೆ ಬಂದದ್ದು ಒಳಗೇ ಉಳಿಯಬಾರದು. ಉಳಿದರೆ ಅದು ಇನ್ನೊಂದು ತೊಂದರೆ" ಎಂದು ಹೇಳಿ, ಒಡವೆಯ ಮಾತನ್ನೇ ಎತ್ತದೆ, ಕಾಫಿಗೂ ನಿಲ್ಲದೆ ಬಸ್ಸಿಗೆ ಹೋದರು.

ಕಳಿಸುವುದೇನು ಕಷ್ಟ ಎಂದುಕೊಂಡಿದ್ದೆ. ಅಷ್ಟರಲ್ಲಿ ಟ್ರ್ಯಾಕ್ಟರೂ ಬಂದಿತ್ತು. ಹಾಲಮ್ಮನವರು ಗಂಟನ್ನು ಮಡಿಲಲ್ಲಿಟ್ಟುಕೊಂಡು ಹತ್ತಿ ಕೂತರು. ತಿಜೋರಿಯನ್ನು ಹತ್ತಿಸುತ್ತೇವೆ ಎಂದರೆ ಎರಡೂ ಕೈ ಎತ್ತಿ ಮುಗಿದರು.

"ನಂಗೆ ಬ್ಯಾಡ್ರಪ್ಪಾ ಅದು. ಇನ್ನೊಂದ್ಸಲ ಕಚ್ಕಂಡ್ರೆ ಈ ಜೀವಕ್ಕೆ ತಡೆಯಾಕೆ ಆಗಲ್ಲ. ಮದುವಿಗೆ ಬರ್ರಿ ನೀವು, ಹೆಂಡ್ತಿನೂ ಕರ್ಕಂಡು ಬರ್ರಿ!" ತಮ್ಮ ಗೇರು ಹಾಕಿದ. ಟ್ರ್ಯಾಕ್ಟರು ಹೊರಟೇಹೋಯಿತು.

ಹೋಗಬೇಕಾದ ಮಾಲು ಹೋಗದೆ ಅಲ್ಲೇ ನಿಂತಿತು. ಅದು ಕಣ್ಣಿಗೆ ಬೀಳಬಾರದೆಂದು ನಾನು ಅಂಗಳವನ್ನು ಬಿಟ್ಟು ಗೋಡೆಯ ಬದಿಯಿಂದ ಓಡಾಡತೊಡಗಿದೆ. ಜಗಳೂರಿನಿಂದ ಬಂದ ಯಜಮಾನರು ಕತೆಯನ್ನೆಲ್ಲ ಕೇಳಿ, "ನೀವು ತಂದ ತಂಟೆ, ನೀವೇ ಸಾಗಿಸ್ರಿ" ಎಂದರು. ಸೋಮವಾರ ಗಿರಿಜೆಯನ್ನು ಕರೆದುಕೊಂಡು ಹೊನ್ನಾಳಿಯ ಮೇಲೆ ನ್ಯಾಮತಿಗೆ ಹೋದೆ. ಮಂಟಪದಲ್ಲಿ ಮದುಮಗಳು ಕತ್ತು ತುಂಬ ಒಡವೆ ಹಾಕಿಕೊಂಡು ಹೊಳೆಯುತ್ತಾ ಕೂತಿದ್ದಳು. ಸೋದರಮಾವನಂತೆ ಕಂಡ ಒಬ್ಬರು ಎಲ್ಲರಿಗೂ ಅತಿಯಾದ ಉಪಚಾರ ಮಾಡಿಕೊಂಡು ಓಡಾಡುತ್ತಿದ್ದರು. ನಾನು ಅಕ್ಷತೆ ಹಾಕಿದವನೇ ಹಾಲಮ್ಮನವರ ಹತ್ತಿರ ಹೋಗಿ, ಜನರ ನಡುವೆಯೇ ಕೈ ಮುಗಿದು, ದಯವಿಟ್ಟು ನಿಮ್ಮ ತಿಜೋರಿಯನ್ನು ಒಯ್ಯಿರಿ ಎಂದು ಬೇಡಿಕೊಂಡೆ. ಅವರು ನನ್ನ ಮುಖವನ್ನೇ ನೋಡಿ, ಮೊದಲ ಸಲ ಬಾಯಿ ತುಂಬ ನಕ್ಕರು.

"ಎಷ್ಟು ಹೆದರ್ತೀರಿ ತಮ್ಮಾ! ಮೊದ್ಲು ಉಣ್ರಿ." ಆಮೇಲೆ ಗಿರಿಜೆಯ ಕೈ ಹಿಡಿದುಕೊಂಡರು. "ಆ ತಿಜೋರಿ ಈಕಿಗೆ ಕೊಟ್ಟೀನಿ. ಗುರುತಿಲ್ಲ, ಪರಿಚಯ ಇಲ್ಲ, ನನ್ನ ಜೊತೆ ನೆಲದ ಮ್ಯಾಲೆ ಮಲಗಿ ರಾತ್ರಿ ಕಳೆದ್ಳು. ಒಲ್ಲೆ ಅನಬಾರ್ದು."

ಹೀಗೆ ಅದು ನಮ್ಮ ಕಾರ್ಖಾನೆಯ ಗೇಟನ್ನು ಎರಡನೆಯ ಸಲ ದಾಟಿ, ಎತ್ತಿನ ಗಾಡಿಯ ಮೇಲೆ ಮೆರವಣಿಗೆಯಂತೆ ಪೇಟೆಯ ನಡುವೆ ಹಾದು, ನಮ್ಮ ಮನೆಗೆ ಬಂತು. ಒಳಗಿನ ಕೋಣೆಯ ಬಾಗಿಲು ಸಣ್ಣದಾದ್ದರಿಂದ ನಡುಮನೆಯಲ್ಲೇ, ಬೀದಿಬಾಗಿಲಿನ ಎದುರಿಗೆ ಇಳಿಸಿದರು. ನಮ್ಮಲ್ಲಿ ಬೀಗ ಹಾಕಿ ಇಡುವಂಥದ್ದು ಏನೂ ಇರಲಿಲ್ಲ. ಇದ್ದಿದ್ದರೂ ಇಡುತ್ತಿರಲಿಲ್ಲ, ಕಚ್ಚಿಕೊಂಡರೆ ಅದನ್ನು ಮತ್ತೆ ಕಾರ್ಖಾನೆಗೆ ಒಯ್ಯಬೇಕು, ಒಯ್ದರೆ ಪತ್ರ ಬರೆಯಬೇಕು. ಬಾಗಿಲಿಗೆ ಒಂದು ಮರದ ತುಂಡು ಕೊಟ್ಟು ಮುಚ್ಚದಂತೆ ಮಾಡಿದೆ. ಗಾಳಿಯಾಡುತ್ತದೆ, ಚೆನ್ನಾಗಿದೆ ಎಂದು ಗಿರಿಜೆ ಅದರಲ್ಲಿ ಈರುಳ್ಳಿ ತುಂಬಿದಳು.

ಅಲ್ಲಿಗೆ ನನ್ನ ಹೆದರಿಕೆ ಮುಗಿಯಿತೆಂದುಕೊಂಡೆ. ಆದರೆ ಎಕ್ಸೈಸ್ ಗುಮಾಸ್ತನ ಮನೆಗೆ ತಿಜೋರಿ ಬಂತು ಎಂಬ ಸುದ್ದಿ ಊರಿನಲ್ಲಿ ಹಬ್ಬಿತು. ಹಾಲಿನವರು ಸಾಲ ಕೇಳಿದರು. ಎಂದೂ ಮಾತಾಡಿಸದವರು ಬೀದಿಯಲ್ಲಿ ನಿಂತು ಯೋಗಕ್ಷೇಮ ವಿಚಾರಿಸಿದರು. ಯಾರೋ ಒಬ್ಬರು ನನ್ನ ಕಿವಿಯ ಹತ್ತಿರ ಬಂದು, "ಹುಷಾರ್ರಿ, ಇನ್‌ಕಮ್ ಟ್ಯಾಕ್ಸಿನವ್ರು ಹಿಂಗೆ ಸುಮ್ನೆ ಬಂದುಬಿಡ್ತಾರೆ" ಎಂದರು. ಅಂದಿನಿಂದ ಮನೆಗೆ ಯಾರೇ ಬರಲಿ, ಕೂರಿಸುವ ಮುಂಚೆ ತಿಜೋರಿಯ ಹತ್ತಿರ ಕರೆದುಕೊಂಡು ಹೋಗಿ ಈರುಳ್ಳಿಯನ್ನು ತೋರಿಸುತ್ತೇನೆ. ಅವರು ನೋಡಿ, ನನ್ನ ಬೆನ್ನು ತಟ್ಟಿ, "ಮುಂದೆ ಈರುಳ್ಳಿ ಇಟ್ಟೀರಿ. ಭಾರಿ ಜಾಣರು ಬಿಡ್ರಿ ರುದ್ರಪ್ಪಾರೆ" ಎಂದು ಕಣ್ಣು ಮಿಟುಕಿಸುತ್ತಾರೆ. ಎಷ್ಟು ಜನ ಎಷ್ಟು ಸಲ ಹೀಗೆ ಹೇಳಿದರೆಂದರೆ, ಈಗೀಗ ನನಗೇ ಅನುಮಾನ. ಗಿರಿಜೆ ನೀರಿಗೆ ಹೋದಾಗ ಬೀದಿಬಾಗಿಲು ಹಾಕಿಕೊಂಡು, ಈರುಳ್ಳಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹಿಂದೆ ಏನಾದರೂ ಇದೆಯೋ ಎಂದು ಕೈಯಾಡಿಸಿ ನೋಡುತ್ತೇನೆ.